ಮೀಸೆ ಬರೆಸಿಕೊಂಡು ಚಂದ್ರನಿಗೆ ಹೋದವಳು

ಕಳೆದ ಶುಕ್ರವಾರ ನನ್ನ ತಮ್ಮನ ಮಗಳು ಚಂದ್ರನ ಮೇಲೆ ಇಳಿದಳು. ಮೀಸೆ ಸಮೇತ.

ನಗಬೇಡಿ. ಮೊದಲು ನಾನೂ ನಕ್ಕೆ. ಅವತ್ತು ಅರಸೀಕೆರೆಯಲ್ಲಿ ಅವಳ ಸ್ಕೂಲ್ ಡೇ. ಐದನೇ ಕ್ಲಾಸಿನ ನಮ್ಮ ನಂದಿನಿಗೆ ಫ್ಯಾನ್ಸಿ ಡ್ರೆಸ್‌ನಲ್ಲಿ ಗಗನಯಾತ್ರಿಯ ವೇಷ. ನಾನೋ ಹಳೇಬೀಡಿನ ಹೈಸ್ಕೂಲಿನಲ್ಲಿ ಮೇಷ್ಟ್ರಗಿರಿ ಮಾಡುವವಳು (ಹೆಂಗಸು ಮಾಡಿದರೂ ಅದು ಮೇಷ್ಟ್ರಗಿರಿಯೇ, ಏನು ಮಾಡೋಣ). ಕೊನೆಯ ಪೀರಿಯಡ್ ಮುಗಿಸಿ, ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ನಿಂತೇ ಬಂದು ಶಾಮಿಯಾನ ಮುಟ್ಟುವ ಹೊತ್ತಿಗೆ ಕೃಷ್ಣ, ಭಾರತಮಾತೆ, ಕೊರವಂಜಿ ಎಲ್ಲರೂ ಬಂದು ಹೋಗಿದ್ದರು.

ಆಮೇಲೆ ಬಂದಳು ನಂದಿನಿ. ತಮ್ಮನ ಸ್ಕೂಟರ್ ಹೆಲ್ಮೆಟ್ಟಿಗೆ ಬಿಳಿ ಪೇಪರ್ ಅಂಟಿಸಿದ್ದರು. ಬೆನ್ನಿಗೆ ಬೆಳ್ಳಿ ಬಣ್ಣದ ಕಾಗದ ಸುತ್ತಿದ ಎರಡು ನೀರಿನ ಬಾಟಲಿ. ತೇಲಿದ ಹಾಗೆ ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಬಂದವಳು ಒಂದು ಬಾವುಟ ನೆಟ್ಟಳು, ಹೆಲ್ಮೆಟ್ ತೆಗೆದಳು. ನನಗೆ ಗುರುತೇ ಸಿಗಲಿಲ್ಲ. ಮುಖವೆಲ್ಲ ಗುಲಾಬಿ ಬೆರೆಸಿದ ಬಿಳಿ. ಮೂಗಿನ ಕೆಳಗೆ ಅಚ್ಚುಕಟ್ಟಾದ ಮೀಸೆ!

ನಮ್ಮ ವಂಶವೇ ಎಣ್ಣೆಗಪ್ಪು. ನಂದಿನಿ ನಮ್ಮೆಲ್ಲರಿಗಿಂತ ಒಂದು ಕೈ ಮೇಲು. ಅಂಥ ಹುಡುಗಿ ಮೈಕಿನ ಮುಂದೆ ನಿಂತು, ‘ನಾನೊಬ್ಬ ಗಗನಯಾತ್ರಿ. ಚಂದ್ರನಿಗೆ ಹೋಗಿ ಕ್ಷೇಮವಾಗಿ ವಾಪಸ್ ಬಂದಿದ್ದೇನೆ’ ಅಂದಳು. ಚಪ್ಪಾಳೆಯೋ ಚಪ್ಪಾಳೆ. ಫಸ್ಟ್ ಪ್ರೈಜ್ ಅವಳಿಗೇ.

ಸ್ಟೇಜಿನ ಹಿಂದೆ ಹೋದೆ. ಅಲ್ಲಿ ಮೇಕಪ್ ರುದ್ರಣ್ಣ ತನ್ನ ತಗಡಿನ ಪೆಟ್ಟಿಗೆಗೆ ಬಣ್ಣದ ಡಬ್ಬಿಗಳನ್ನು ತುಂಬುತ್ತಿದ್ದರು. ನಮ್ಮ ಕಡೆ ನಿಮಗೆ ಗೊತ್ತಲ್ಲ, ಹಳ್ಳಿ ಹಳ್ಳಿಯ ಪೌರಾಣಿಕ ನಾಟಕಕ್ಕೆ ಬಣ್ಣ ಬಳಿಯುವವರೇ ಸ್ಕೂಲ್ ಡೇಗೂ ಬರುತ್ತಾರೆ. ಕೃಷ್ಣನಿಗೆ ನೀಲಿ, ದುರ್ಯೋಧನನಿಗೆ ಕೆಂಪು, ದ್ರೌಪದಿಗೆ ಗುಲಾಬಿ. ಗಂಡು ಪಾತ್ರ ಅಂದರೆ ಮೀಸೆ. ಪಾತ್ರ ಹೇಳಿದರೆ ಸಾಕು, ಕೈ ತನ್ನಷ್ಟಕ್ಕೆ ಓಡುತ್ತದೆ.

‘ಅಲ್ಲ ರುದ್ರಣ್ಣ, ನಮ್ಮ ಹುಡುಗೀಗೆ ಮೀಸೆ ಯಾಕ್ರೀ?’ ಅಂದೆ.

‘ಗಂಡೋ ಹೆಣ್ಣೋ ಅಂತ ಕೇಳ್ದೆ ಮೇಡಮ್ಮೋರೆ. ಗಂಡು ಅಂದ್ಲು. ಮೀಸೆ ಇಲ್ದಿದ್ರೆ ಹಿಂದ್ಗಡೆ ಕೂತೋರ್ಗೆ ತಿಳಿಯಾಕಿಲ್ಲ.’

‘ಸರಿ, ಈ ಬಿಳಿ?’

ಅವರು ಕ್ಲಾಸ್‌ರೂಮಿನ ಗೋಡೆಯತ್ತ ಕೈ ತೋರಿಸಿದರು. ಅಲ್ಲೊಂದು ಬಾಹ್ಯಾಕಾಶದ ಚಾರ್ಟ್. ಅದರಲ್ಲಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಗುತ್ತಾ ನಿಂತ ಗಂಡಸರು. ಎಲ್ಲರೂ ಬಿಳಿಯರು. ‘ಇದೇ ತರ ಮಾಡಿ ಅಂಕಲ್ ಅಂತ ಪಟ ತೋರಿಸ್ತು ಮಗಾ. ಪಟದಾಗೆ ಹೆಂಗೈತೋ ಹಂಗೇ ಮಾಡಿವ್ನಿ. ಮೀಸೆ ಒಂದು ನಂದು.’

ತಪ್ಪೇನಿದೆ ಹೇಳಿ? ಅವರ ಕೆಲಸ ಅವರು ಶ್ರದ್ಧೆಯಿಂದ ಮಾಡಿದ್ದರು. ಚಾರ್ಟೂ ಸುಳ್ಳು ಹೇಳಿರಲಿಲ್ಲ, ಚಂದ್ರನ ಮೇಲೆ ಓಡಾಡಿ ಬಂದವರು ಅವರೇ ತಾನೆ?

ತಮ್ಮನ ಮನೆಗೆ ಬಂದು, ಹಿತ್ತಿಲ ಕಲ್ಲಿನ ಮೇಲೆ ಕೂರಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ ಅವಳ ಬಣ್ಣ ತೆಗೆಯಲು ಶುರು ಮಾಡಿದೆ. ಹಣೆ ಒರೆಸುವಷ್ಟರಲ್ಲಿ ನನ್ನ ಕೈ ಹಿಡಿದುಕೊಂಡಳು. ‘ಇವತ್ತೊಂದಿನ ಇರ್ಲಿ ಅತ್ತೆ. ನಾಳೆ ತೊಳ್ಕೋತೀನಿ.’

‘ಯಾಕೆ ಕಣೇ? ನಿನ್ನ ಮುಖ ಚೆನ್ನಾಗಿಲ್ವಾ?’

‘ಹಂಗಲ್ಲ...’ ಅಂತ ತಡೆದು ತಡೆದು ಹೇಳಿದಳು. ಅವಳು ಮೊದಲು ಹಾಕಬೇಕು ಅಂದುಕೊಂಡಿದ್ದದ್ದು ಈ ವೇಷವೇ ಅಲ್ಲವಂತೆ.

ಈ ತಿಂಗಳ ಮೊದಲಲ್ಲಿ ವಾಪಸ್ ಬರುವಾಗ ಆಕಾಶದಲ್ಲೇ ಒಡೆದು, ಒಳಗಿದ್ದ ಏಳೂ ಜನರನ್ನು ಬಲಿ ತೆಗೆದುಕೊಂಡ ಬಾಹ್ಯಾಕಾಶ ನೌಕೆಯ ಸುದ್ದಿ ನೀವೂ ಓದಿದ್ದೀರಿ. ಅದರಲ್ಲಿ ನಮ್ಮ ದೇಶದಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳೂ ಇದ್ದಳು. ಅವಳ ಫೋಟೋಗೆ ಹಾರ ಹಾಕಿ ನಂದಿನಿಯ ಶಾಲೆಯಲ್ಲಿ ಪ್ರೇಯರ್ ಹೊತ್ತು ಎಲ್ಲರೂ ಮೌನವಾಗಿ ನಿಂತಿದ್ದರು. ಅವತ್ತೇ ನಂದಿನಿ ಮನೆಗೆ ಬಂದು, ‘ಸ್ಕೂಲ್ ಡೇಗೆ ನಾನು ಆ ಆಂಟಿ ವೇಷ ಹಾಕ್ತೀನಿ’ ಅಂದಿದ್ದಳು.

ನಮ್ಮಮ್ಮ, ಅಂದರೆ ಅವಳ ಅಜ್ಜಿ, ಕೈಲಿದ್ದ ಮೊರ ಕೆಳಗಿಟ್ಟರಂತೆ. ‘ಸತ್ತೋರ ವೇಸ ಹಾಕ್ಬಾರ್ದು ಕಣವ್ವ. ಅಪಶಕುನ. ಹಾಕೋದೇ ಆದ್ರೆ ಹೋಗಿ ವಾಪಸ್ ಬಂದೋರ್ದು ಹಾಕು.’

ಅಜ್ಜಿಯ ಮಾತು ಮೊಮ್ಮಗಳಿಗೆ ಸರಿ ಅನ್ನಿಸಿದೆ. ವಾಪಸ್ ಬಂದವರು ಯಾರು? ಹುಡುಕಿದ್ದಾಳೆ. ಚಾರ್ಟ್ ನೋಡಿದ್ದಾಳೆ. ವಾಪಸ್ ಬಂದವರೆಲ್ಲ ಬೆಳ್ಳಗಿದ್ದಾರೆ, ಎಲ್ಲರೂ ಗಂಡಸರು. ಅವಳಿಗೆ ಗೊತ್ತಿದ್ದ ಹೆಣ್ಣುಮಗಳು ಬಾರದೆ ಹೋದವಳೊಬ್ಬಳೇ. ಹತ್ತು ವರ್ಷದ ಮಗು ಲೆಕ್ಕ ಹಾಕಿಕೊಂಡಿದೆ, ಬದುಕಿ ಬರಬೇಕಾದರೆ ಹೀಗಿರಬೇಕು ಅಂತ. ಎಣ್ಣೆ ಬಟ್ಟೆಯನ್ನು ಪಕ್ಕಕ್ಕಿಟ್ಟೆ.

‘ಆ ಆಂಟಿ ಇದಕ್ಕೆ ಮುಂಚೆಯೂ ಒಂದ್ಸಲ ಹೋಗಿದ್ರು ಕಣೇ. ಕ್ಷೇಮವಾಗಿ ವಾಪಸ್ ಬಂದಿದ್ರು’ ಅಂದೆ.

‘ಹೌದಾ? ಆಗ ಯಾಕೆ ಸ್ಕೂಲಲ್ಲಿ ಫೋಟೋ ಇಟ್ಟಿರ್ಲಿಲ್ಲ?’

ಆಗ ನೀನು ಚಿಕ್ಕವಳು ಅಂದೆ. ನುಣುಚಿಕೊಳ್ಳುವುದಕ್ಕೆ ದೊಡ್ಡವರಿಗೆ ಹೇಳಿಕೊಡಬೇಕೆ?

ಒಳಗಿನಿಂದ ಅಮ್ಮ ಕೂಗಿದರು. ‘ಒಂದ್ಸಲ ಬಂದ್ಲಲ್ಲ, ಸಾಕು ಅಂತ ಮನೇಲಿರಬಾರ್ದಾಗಿತ್ತಾ? ಹೆಣ್ಣುಮಕ್ಕಳಿಗೆ ಯಾಕೆ ಬೇಕು ಆ ಉಸಾಬರಿ?’

‘ಅಮ್ಮಾ, ಜತೇಲಿ ಗಂಡಸರೂ ಹೋದ್ರು. ಗಂಡುಮಕ್ಕಳಿಗೆ ಯಾಕೆ ಬೇಕು ಅಂತ ಯಾರಾದ್ರೂ ಅಂದ್ರಾ?’ ಅಂತ ರೇಗಿದೆ. ಅಮ್ಮ ಬಾಗಿಲಿಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಂಡರಿಯದ ಆ ಹುಡುಗಿಗೋಸ್ಕರ ಅವರು ಸುದ್ದಿ ಕೇಳಿದ ದಿನ ಊಟ ಬಿಟ್ಟಿದ್ದರು ಅಂತ ತಮ್ಮನ ಹೆಂಡತಿ ಆಮೇಲೆ ಹೇಳಿದಳು. ಪ್ರೀತಿಯಿಂದ ಆಡಿದ ಮಾತೇ ಮಗುವಿನ ದಾರಿಗೆ ಅಡ್ಡ ಬಂದರೆ ಯಾರ ಮೇಲೆ ಸಿಟ್ಟಾಗುವುದು?

ಭಾನುವಾರ ಅವಳನ್ನು ಬೇಲೂರಿಗೆ ಕರೆದುಕೊಂಡು ಹೋದೆ. ಒಳಗಿನ ಮೇಷ್ಟ್ರು ಸುಮ್ಮನಿರಬೇಕಲ್ಲ! ಮದನಿಕೆಯರನ್ನು ತೋರಿಸಿ, ‘ನೋಡೇ, ಎಲ್ಲರೂ ಕಪ್ಪು. ಎಲ್ಲರೂ ಹೆಂಗಸರು. ದೇಶ ವಿದೇಶದ ಜನ ಬಂದು ಕತ್ತೆತ್ತಿ ನೋಡ್ತಾರೆ’ ಅಂದೆ. ಬಿಳಿ ಬಣ್ಣದ ಹುಚ್ಚು ಇದರಿಂದಲಾದರೂ ಬಿಡಲಿ ಎಂಬ ಆಸೆ.

ನಂದಿನಿ ಬಹಳ ಹೊತ್ತು ಕತ್ತೆತ್ತಿ ನೋಡಿದಳು. ‘ಚೆನ್ನಾಗಿದಾರೆ ಅತ್ತೆ. ಆದ್ರೆ ಇವ್ರು ಎಲ್ಲಿಗೂ ಹೋಗೋದೇ ಇಲ್ವಲ್ಲ?’

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಕಿವಿಯ ಹಿಂದೆ ಇನ್ನೂ ಸ್ವಲ್ಪ ಬಿಳಿ ಬಣ್ಣ ಉಳಿದಿತ್ತು.

ಸೋಮವಾರ ಸ್ಕೂಲು ಮುಗಿಸಿ ಬಂದು ಹಟ ಹಿಡಿದೆ. ಬಾಹ್ಯಾಕಾಶಕ್ಕೆ ಹೋಗಿ ಬಂದು, ಈಗಲೂ ಮನೆಯಲ್ಲಿ ಕಾಫಿ ಕುಡಿಯುತ್ತಾ ಆರಾಮಾಗಿರುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ, ಕಪ್ಪು ಹೆಂಗಸೂ ಇದ್ದಾಳೆ ಅಂತ ನಾನು ಓದಿ ಬಲ್ಲೆ. ಆದರೆ ಬಾಯಲ್ಲಿ ಹೇಳಿದರೆ ಮಗು ನಂಬುತ್ತದೆಯೇ? ಚಾರ್ಟಿನಲ್ಲಿರುವುದೇ ನಿಜ ಅದಕ್ಕೆ. ಸ್ಟೇಷನರಿ ಅಂಗಡಿಯಲ್ಲಿ ಬೇರೆ ಚಾರ್ಟ್ ಕೇಳಿದರೆ ಅದೇ ಗಂಡಸರು ಇನ್ನೂ ದೊಡ್ಡ ಸೈಜಿನಲ್ಲಿ ಬಂದರು. ಹೊಸದಾಗಿ ತೆರೆದಿರುವ ಸೈಬರ್ ಸೆಂಟರಿಗೆ ಹೋದರೆ ಕರೆಂಟಿಲ್ಲ (ಚಂದ್ರಲೋಕದ ಮಾತು ಹಾಗಿರಲಿ, ಸಂಜೆ ಹೊತ್ತು ಅರಸೀಕೆರೆಗೆ ಬೆಳಕು ತಲುಪುವುದೇ ಕಷ್ಟ). ಕೊನೆಗೆ ತಮ್ಮನ ಮನೆಯಲ್ಲಿ ರದ್ದಿಗೆಂದು ಕಟ್ಟಿಟ್ಟಿದ್ದ ಪೇಪರ್ ಬಿಚ್ಚಿದೆ. ಸಿಕ್ಕಿತು! ಮುಖಪುಟದಲ್ಲೇ ನೌಕೆಯಲ್ಲಿದ್ದವರೆಲ್ಲರ ದೊಡ್ಡ ಫೋಟೋ.

ನಂದಿನಿಯನ್ನು ಪಕ್ಕಕ್ಕೆ ಕೂರಿಸಿಕೊಂಡೆ. ‘ಇವರು ನಮ್ಮ ದೇಶದವರು. ಇವರೂ ಹೆಂಗಸು, ನೋಡು. ಇಲ್ಲಿ ನಗ್ತಾ ಇದಾರಲ್ಲ, ಇವರು ನನಗಿಂತ ಕಪ್ಪು. ಈಗ ಗೊತ್ತಾಯ್ತಾ, ಎಲ್ಲರೂ ಹೋಗಬಹುದು ಅಂತ?’

ನಂದಿನಿ ಒಂದೊಂದೇ ಮುಖದ ಮೇಲೆ ಬೆರಳಿಟ್ಟು ನೋಡಿದಳು. ಬಂಡಲಿನಿಂದ ಇನ್ನೊಂದು ಪೇಪರ್ ಎಳೆದಳು, ಮತ್ತೊಂದು ಎಳೆದಳು. ಎಲ್ಲದರಲ್ಲೂ ಅವರೇ, ಕಪ್ಪು ಚೌಕಟ್ಟಿನೊಳಗೆ. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

‘ಬದುಕಿರೋರದ್ದು ಒಂದೂ ಫೋಟೋ ಇಲ್ವಾ ಅತ್ತೆ?’