ಶಿಯೋಬಾತ ಮನೆಯವರಿಗೆ ಒಂದು ಎಲೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಸತ್ತವರು ಊಟಕ್ಕೆ ಬರುತ್ತಿದ್ದರು. ಹೆದರಬೇಡಿ ಮೊಮ್ಮಕ್ಕಳೇ, ಬರುತ್ತಿದ್ದವರೆಲ್ಲ ನಮ್ಮವರೇ. ತುಳುನಾಡಿನವರಾದ ನಮಗೆ ಜುಲೈ, ಆಗಸ್ಟಿನ ನಡುವೆ ಬರುವ ಆಟಿ ತಿಂಗಳೆಂದರೆ ತೀರಿಹೋದ ಹಿರಿಯರನ್ನು ಮನೆಗೆ ಕರೆದು ಬಡಿಸುವ ತಿಂಗಳು. ಊರಿನಲ್ಲಾದರೆ ದಿನ ನೋಡಿ, ಅಮಾವಾಸ್ಯೆ ನೋಡಿ ಬಡಿಸುತ್ತಾರೆ. ನಾವಿದ್ದದ್ದು ಕತಾರಿನಲ್ಲಿ, ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಹಳೆಯ ಫ್ಲ್ಯಾಟಿನಲ್ಲಿ. ಅಪ್ಪನಿಗೆ ರಜೆ ಇರುತ್ತಿದ್ದದ್ದು ಶುಕ್ರವಾರ ಮಾತ್ರ. ಹಾಗಾಗಿ ನಮ್ಮ ಹಿರಿಯರೂ ಶುಕ್ರವಾರಕ್ಕೆ ಒಗ್ಗಿಕೊಂಡಿದ್ದರು.

ಇದು ಅಂಥ ಒಂದು ಶುಕ್ರವಾರದ ಕಥೆ. ಬೆಳಗ್ಗೆಯೇ ಅಪ್ಪ ಮಲಯಾಳಿಯ ಅಂಗಡಿಯಿಂದ ಬಾಳೆ ಎಲೆಯ ಕಟ್ಟು ತಂದಿದ್ದರು. ಅಮ್ಮ ಕೆಸುವಿನ ಎಲೆಯ ಪತ್ರೊಡೆ ಬೇಯಲು ಇಟ್ಟು, ಕೋಳಿ ಸಾರಿಗೆ ಮಸಾಲೆ ಹುರಿಯುತ್ತಿದ್ದಳು. ಬಂಗುಡೆ ಮೀನು ಹುರಿದ ವಾಸನೆ ಕಿಟಕಿಯ ಪರದೆಗಳಿಗೆಲ್ಲ ಹತ್ತಿತ್ತು. ನಮ್ಮ ಮುತ್ತಜ್ಜನಿಗೆ ಕಳ್ಳು ಎಂದರೆ ಪ್ರಾಣವಂತೆ. ಕತಾರಿನಲ್ಲಿ ಕಳ್ಳನ್ನು ಎಲ್ಲಿಂದ ತರುವುದು? ಅಪ್ಪ ಪ್ರತಿ ಸಲ ಸೇಬಿನ ರುಚಿಯ, ಅಮಲಿಲ್ಲದ ಮಾಲ್ಟ್ ಪಾನೀಯದ ಬಾಟಲಿ ತಂದು ಮುತ್ತಜ್ಜನ ಎಲೆಯ ಪಕ್ಕ ಇಡುತ್ತಿದ್ದರು. ಮುತ್ತಜ್ಜ ಏನಂದುಕೊಂಡನೋ ಗೊತ್ತಿಲ್ಲ, ಮುನಿಸಿಕೊಂಡದ್ದಂತೂ ತಿಳಿದುಬಂದಿಲ್ಲ.

ಬಡಿಸುವುದಕ್ಕೆ ಒಂದು ಕ್ರಮವಿತ್ತು. ನಡುಮನೆಯ ನೆಲ ಒರೆಸಿ, ಎಲೆ ಹಾಕಿ, ದೀಪ ಹಚ್ಚಬೇಕು. ಗಾಳಿಗೆ ದೀಪ ಆರಬಾರದೆಂದು ಎಸಿ ನಿಲ್ಲಿಸಬೇಕು. ಮನೆಯವರು ಯಾರಾದರೂ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯಬೇಕು. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಉಂಡು ಏಳುವವರೆಗೆ ಯಾರೂ ಒಳಗೆ ಇಣುಕಬಾರದು.

ಹೆಸರು ಹಿಡಿದು ಯಾರೂ ಕರೆಯದ ಸತ್ತವರು ಏನಾಗುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. ಅವರು ಹಸಿದುಕೊಂಡು ಬಾಗಿಲ ಹೊರಗೇ ಸುತ್ತುತ್ತಿರುತ್ತಾರೆ ಎಂದು ಅಕ್ಕ ಹೇಳಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು, ನನ್ನನ್ನು ಹೆದರಿಸುವುದರಲ್ಲಿ ಅವಳಿಗೆ ಬಹಳ ಖುಷಿ. ಬಾಗಿಲ ಹೊರಗೆ ಎಂದರೆ ನಾವು ನಿಲ್ಲುತ್ತಿದ್ದ ಕಾರಿಡಾರೇ ತಾನೆ. ಅದರ ಟ್ಯೂಬ್‌ಲೈಟ್ ಸದಾ ಮಿಣುಕುತ್ತಿತ್ತು. ಒಳಗೆ ಉಣ್ಣುವ ನಮ್ಮವರ ಬಗ್ಗೆ ನನಗೆ ಭಯವಿರಲಿಲ್ಲ. ನನ್ನ ಬೆನ್ನ ಹಿಂದೆ ನಿಂತಿರಬಹುದಾದ, ಯಾರೂ ಕರೆಯದ ಆ ಜನರ ಬಗ್ಗೆ ಜೀವವೇ ಹೋಗುವಷ್ಟು ಭಯವಿತ್ತು.

ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಅಮೆರಿಕದ ಅಂಕಲ್ ಒಬ್ಬರು ಇದ್ದರು. ಮುಖ ಜಪಾನಿನವರದು, ಮಾತು ಅಮೆರಿಕದ್ದು. ಅಪ್ಪನ ಆಫೀಸಿನಲ್ಲೇ ಎಂಜಿನಿಯರ್. ಆಗ ಲುಸೈಲ್‌ನಲ್ಲಿ ಊರೇ ಇರಲಿಲ್ಲ. ಮರಳು, ಉಪ್ಪುಮಣ್ಣು, ಅದನ್ನು ಮಟ್ಟ ಮಾಡುವ ಯಂತ್ರಗಳು, ಅಷ್ಟೇ. ಅಪ್ಪನೂ ಅಂಕಲ್ಲೂ ದಿನವೂ ಅಲ್ಲಿಗೆ ಹೋಗಿ ಬಿಸಿಲಿಗೆ ಕೆಂಪಗೆ ಸುಟ್ಟುಕೊಂಡು ಬರುತ್ತಿದ್ದರು. ಒಂದು ದಿನ ಅಂಕಲ್ ಅಲ್ಲಿಂದ ಉಪ್ಪಿನ ಹಕ್ಕಳೆಯೊಂದನ್ನು ತಂದು ನನ್ನ ಅಂಗೈ ಮೇಲಿಟ್ಟು, “ಇದೇ ನನ್ನ ಹೆಸರು” ಎಂದರು.

ಅವರ ಮನೆತನದ ಹೆಸರು ಶಿಯೋಬಾತ. ಹಾಗೆಂದರೆ ಉಪ್ಪಿನ ಗದ್ದೆ. ಬಹಳ ಹಿಂದೆ ಜಪಾನಿನ ಹಳ್ಳಿಯ ಜನ ಮನೆತನದ ಹೆಸರು ಹೇಳಿಕೊಳ್ಳುವ ರೂಢಿ ಇರಲಿಲ್ಲವಂತೆ. ಎಲ್ಲರೂ ಒಂದೊಂದು ಹೆಸರು ಇಟ್ಟುಕೊಳ್ಳಬೇಕು ಎಂದು ಸರ್ಕಾರ ಹೇಳಿದಾಗ ಕೆಲವರು ಹೊಳೆಯ ಹೆಸರು ಹಿಡಿದರು, ಕೆಲವರು ಗುಡ್ಡದ ಹೆಸರು ಹಿಡಿದರು. ಕಡಲ ನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದ ಅಂಕಲ್‌ನ ಮುತ್ತಜ್ಜ ತನ್ನ ಕಾಲ ಕೆಳಗಿದ್ದದ್ದನ್ನೇ ಹೆಸರು ಮಾಡಿಕೊಂಡ. ಆ ಹಳ್ಳಿಯ ಕೆಲವೇ ಮನೆಗಳಲ್ಲಿ ಬಿಟ್ಟರೆ ಆ ಹೆಸರು ಜಪಾನಿನಲ್ಲೂ ಬೇರೆಲ್ಲೂ ಇರಲಿಲ್ಲ. ಅಲ್ಲಿಂದ ಹಡಗು ಹತ್ತಿ ಹವಾಯಿಯ ಕಬ್ಬಿನ ತೋಟಕ್ಕೆ, ಆಮೇಲೆ ಅಮೆರಿಕದ ಕರಾವಳಿಗೆ ದುಡಿಯಲು ಹೋದವನು ಅವರ ಅಜ್ಜ ಒಬ್ಬನೇ. ಹಾಗಾಗಿ ಇಡೀ ಅಮೆರಿಕದಲ್ಲಿ ಶಿಯೋಬಾತ ಎಂದರೆ ಅವರದೊಂದೇ ಮನೆ. ಅಂಕಲ್ ಯಾವ ಊರಿಗೆ ಹೋದರೂ ಹೋಟೆಲಿನ ದಪ್ಪ ಟೆಲಿಫೋನ್ ಡೈರೆಕ್ಟರಿ ತೆರೆದು ತಮ್ಮ ಹೆಸರಿನವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದರಂತೆ. ಒಬ್ಬರೂ ಸಿಕ್ಕಿರಲಿಲ್ಲ. ಅವರ ಅಣ್ಣ ಅಮೆರಿಕದ ಸೈನ್ಯ ಸೇರಿ, ಚಿಕ್ಕ ವಯಸ್ಸಿನಲ್ಲೇ ಯುದ್ಧದಲ್ಲಿ ತೀರಿಕೊಂಡ. ಅಂಕಲ್ ಮದುವೆಯಾಗಲಿಲ್ಲ. ಈಗ ಉಳಿದದ್ದು ಅವರೊಬ್ಬರೇ.

ಆ ಶುಕ್ರವಾರದ ಹೊತ್ತಿಗೆ ಅಂಕಲ್ ತುಂಬ ಸೊರಗಿದ್ದರು. ಮುಂದಿನ ವಾರ ಅಮೆರಿಕಕ್ಕೆ ಹೊರಟಿದ್ದರು. ವಾಸಿಯಾಗುವ ಕಾಯಿಲೆಯಲ್ಲ, ಇನ್ನು ತಿರುಗಿ ಬರಲಿಕ್ಕಿಲ್ಲ ಎಂದು ಅಪ್ಪ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು.

ಸಂಜೆ ಮಸೀದಿಯ ಆಜಾನ್ ಮುಗಿದ ಮೇಲೆ ಅಪ್ಪ ಹೊಸ್ತಿಲಲ್ಲಿ ನಿಂತು ನಮ್ಮ ಹಿರಿಯರನ್ನೆಲ್ಲ ಕರೆದರು. ನಾವು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು. ಆಗಸ್ಟಿನ ದೋಹಾದ ಸೆಕೆ ನಿಮಗೆ ಹೇಳಬೇಕಿಲ್ಲ. ಕಾರಿಡಾರಿನಲ್ಲಿ ನಾವು ನಾಲ್ವರೂ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆವು. ನಾನು ಅಕ್ಕನ ಚೂಡಿದಾರದ ತುದಿ ಹಿಡಿದು ಗೋಡೆಗೆ ಬೆನ್ನು ಒತ್ತಿಕೊಂಡಿದ್ದೆ. ಬೆನ್ನ ಹಿಂದೆ ಗೋಡೆಯಿದ್ದರೆ ಅಲ್ಲಿ ಯಾರೂ ನಿಲ್ಲಲಾರರು ಎಂಬುದು ನನ್ನ ಲೆಕ್ಕಾಚಾರ.

ಅಷ್ಟರಲ್ಲಿ ಅಂಕಲ್ ಮೆಟ್ಟಿಲಿಳಿದು ಬಂದರು. ನಾವೆಲ್ಲ ಬರಿಗಾಲಿನಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತದ್ದು ನೋಡಿ, ಪಾಪ, ಬೀಗ ಬಿದ್ದು ಹೊರಗೆ ಉಳಿದಿದ್ದೇವೆ ಎಂದುಕೊಂಡರು. “ನಾನಿದ್ದೇನೆ, ಚಿಂತೆ ಬೇಡ” ಎನ್ನುತ್ತ, ಅಪ್ಪ ಕೈ ಎತ್ತಿ ತಡೆಯುವ ಮೊದಲೇ ಹಿಡಿ ತಿರುಗಿಸಿಬಿಟ್ಟರು. ಬೀಗ ಎಲ್ಲಿತ್ತು? ಬಾಗಿಲು ಅಗಲವಾಗಿ ತೆರೆದುಕೊಂಡಿತು. ಒಳಗೆ ಕತ್ತಲು, ಒಂದು ದೀಪ, ಸಾಲಾಗಿ ಎಲೆಗಳು, ಎಲೆಯ ಮುಂದೆ ಯಾರೂ ಇಲ್ಲ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಡುವೆ ಬಾಗಿಲು ತೆರೆದರೆ ಉಣ್ಣುವವರು ಅರ್ಧಕ್ಕೇ ಎದ್ದು ಹೋಗುತ್ತಾರೆ ಎಂಬುದು ನಮ್ಮ ಮನೆಯ ನಂಬಿಕೆ. ಅವಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಅಂಕಲ್ ಆ ಎಲೆಗಳನ್ನೇ ನೋಡುತ್ತ ನಿಂತರು. ಆಮೇಲೆ ಚಪ್ಪಲಿ ಬಿಟ್ಟು, ಎರಡು ಕೈಗಳನ್ನೂ ತೊಡೆಗೆ ಒತ್ತಿ, ಆ ಖಾಲಿ ಕೋಣೆಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ಬಹಳ ಹೊತ್ತು ಹಾಗೇ ಬಾಗಿದ್ದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, “ನಿಮ್ಮ ಹಿರಿಯರ ಊಟ ಕೆಡಿಸಿದೆ, ಕ್ಷಮಿಸಿ. ನಮ್ಮಲ್ಲೂ ಸತ್ತವರು ಈ ತಿಂಗಳಲ್ಲೇ ಮನೆಗೆ ಬರುತ್ತಾರೆ” ಎಂದರು. ಅಕ್ಕ ಅದನ್ನು ಅಮ್ಮನಿಗೆ ತುಳುವಿನಲ್ಲಿ ಹೇಳಿದಳು. ನಿಮಗೆ ತುಳು ಬಾರದ ಕಾರಣ ನಾನು ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ.

“ಹಾಗಾದರೆ ಇವರ ಮನೆಯಲ್ಲಿ ಬಡಿಸುವುದು ಯಾರಂತೆ? ಕೇಳು” ಎಂದಳು ಅಮ್ಮ.

ಮೆಟ್ಟಿಲ ಮೇಲೆ ಕುಳಿತು ಅಂಕಲ್ ಹೇಳಿದರು. ಅವರ ಅಜ್ಜಿ ಬಾಗಿಲಲ್ಲಿ ಸಣ್ಣ ಬೆಂಕಿ ಹಚ್ಚಿ ಸತ್ತವರನ್ನು ಮನೆಗೆ ಕರೆಯುತ್ತಿದ್ದಳಂತೆ. ಅಮೆರಿಕಕ್ಕೂ ಜಪಾನಿಗೂ ಯುದ್ಧ ಶುರುವಾದಾಗ ಜಪಾನಿ ಹೆಸರಿನವರನ್ನೆಲ್ಲ ಮನೆಯಿಂದ ಎಬ್ಬಿಸಿ ಮರಳುಗಾಡಿನ ಶಿಬಿರಗಳಿಗೆ ಸಾಗಿಸಿದರು. ಅಂಕಲ್ ಹುಟ್ಟಿದ್ದು ಅಂಥದೊಂದು ಶಿಬಿರದಲ್ಲಿ. ಅಜ್ಜ ಅಜ್ಜಿ ಸತ್ತದ್ದೂ ಅಲ್ಲೇ. ಹೊರಗೆ ಬಂದ ಮೇಲೆ ಅವರ ಅಪ್ಪ ಹೆದರಿ, ಇನ್ನು ಈ ಮನೆಯಲ್ಲಿ ಜಪಾನಿನದು ಏನೂ ಬೇಡ ಎಂದುಬಿಟ್ಟರು. ಬೆಂಕಿ ಹಚ್ಚುವುದೂ ನಿಂತಿತು, ಕರೆಯುವುದೂ ನಿಂತಿತು. “ಆಗಿನಿಂದ ನಮ್ಮವರನ್ನು ಯಾರೂ ಕರೆದಿಲ್ಲ. ಅವರ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಅಜ್ಜಿಯನ್ನು ಅಜ್ಜಿ ಎಂದೇ ಕೇಳಿದ್ದೇನೆ” ಎಂದರು.

ಅಕ್ಕನಿಗೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರದೆ ಇರುತ್ತಿರಲಿಲ್ಲ. “ಅಂಕಲ್, ಹಾಗಾದರೆ ನಿಮ್ಮನ್ನು ಯಾರು ಕರೆಯುತ್ತಾರೆ?” ಎಂದು ಕೇಳಿಯೇಬಿಟ್ಟಳು.

ಅಪ್ಪ ಅವಳನ್ನು ದುರುಗುಟ್ಟಿ ನೋಡಿದರು. ಕಾರಿಡಾರಿನಲ್ಲಿ ಸುತ್ತುವ ಹಸಿದ ಜನರ ನಡುವೆ ಅಂಕಲ್‌ನನ್ನು ನಾನು ಆಗಲೇ ನೋಡಿಬಿಟ್ಟಿದ್ದೆ. ಅಲ್ಲಿಯವರೆಗೆ ಆ ಜನರಿಗೆ ಮುಖವೇ ಇರಲಿಲ್ಲ. ಈಗ ನನಗೆ ಚಾಕಲೇಟ್ ಕೊಡುತ್ತಿದ್ದ ಮುಖವೊಂದು ಅಲ್ಲಿತ್ತು. ಭಯಕ್ಕಿಂತ ಹೆಚ್ಚಾಗಿ ಅಳು ಬಂತು.

ಅಮ್ಮ ಕಣ್ಣೊರೆಸಿಕೊಂಡು, “ಮತ್ತೆ ಬಡಿಸುವ. ಇವರ ಕಡೆಯವರಿಗೂ ಒಂದು ಎಲೆ ಹಾಕುವ” ಎಂದಳು.

“ಏ, ಬೇರೆ ಕುಲದವರನ್ನು ನಮ್ಮ ಎಲೆಗೆ ಕರೆಯುವುದುಂಟಾ? ಊರಲ್ಲಿ ಗೊತ್ತಾದರೆ ಎಂತ ಹೇಳಿಯಾರು?” ಎಂದರು ಅಪ್ಪ.

“ಊರಿನವರು ಇಲ್ಲಿಗೆ ಬಂದು ಬಡಿಸ್ತಾರಾ? ಬಡಿಸುವವಳು ನಾನಲ್ವಾ. ಯಲ್ಲಾ, ಬೇಗ ಆ ಎಲೆ ತೆಗೆದುಕೊಡಿ” ಎಂದಳು ಅಮ್ಮ. ಅಲ್ಲಿಗೆ ಮಾತು ಖಲಾಸ್.

ಹೊಸ ಎಲೆಗಳು ಬಿದ್ದವು. ಕೊನೆಯಲ್ಲಿ, ಕಿಟಕಿಯ ಬಳಿ, ಅಂಕಲ್‌ನ ಮನೆಯವರ ಎಲೆ. ಸತ್ತವರ ಎಲೆಗೆ ನಮ್ಮ ಮನೆಯಲ್ಲಿ ಬೇರೆ ಉಪ್ಪು ಹಾಕುತ್ತಿರಲಿಲ್ಲ. ಅಂಕಲ್ ಮಾತ್ರ ಅಳುಕುತ್ತ, ನಮ್ಮವರು ಉಪ್ಪಿನವರು, ಒಂದು ಚಿಟಿಕೆ ಹಾಕಲೇ ಎಂದು ಕೇಳಿದರು. ಅಮ್ಮ ಸ್ವಲ್ಪ ಯೋಚಿಸಿ, ಡಬ್ಬಿಯನ್ನೇ ಅವರ ಕೈಗೆ ಕೊಟ್ಟಳು. ಅವರು ಎಲೆಯ ತುದಿಯಲ್ಲಿ ಪುಟ್ಟ ಗುಡ್ಡೆಯಾಗಿ ಉಪ್ಪು ಇಟ್ಟರು.

ಅಪ್ಪ ನಮ್ಮವರನ್ನು ಮತ್ತೆ ಕರೆದು, ಕ್ಷಮೆ ಕೇಳಿ, ಪಕ್ಕಕ್ಕೆ ಸರಿದರು. ಅಂಕಲ್ ಹೊಸ್ತಿಲಿಗೆ ಬಂದರು. ಒಂದೇ ಪದ ಹೇಳಿದರು. “ಶಿಯೋಬಾತ.” ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, “ಶಿಯೋಬಾತ.” ಆ ಹೆಸರು ಕಾರಿಡಾರಿನ ತುದಿಯವರೆಗೆ ಹೋಗಿ ಬಂತು. ಮೇಲಿನ ಟ್ಯೂಬ್‌ಲೈಟ್ ಮಿಣುಕುವುದನ್ನು ಬಿಟ್ಟು ಒಂದೇ ಸಮನೆ ಉರಿಯತೊಡಗಿತು. ಅಪ್ಪ ಬಾಗಿಲು ಎಳೆದುಕೊಂಡರು.

ಆಮೇಲಿನದನ್ನು ನಾನು ಕೇಳಿದ್ದೇನೆ, ಅಕ್ಕನೂ ಕೇಳಿದ್ದಾಳೆ. ಒಳಗೆ ಸ್ಟೀಲಿನ ಲೋಟವೊಂದು ನೆಲಕ್ಕೆ ತಾಗಿದ ಸದ್ದು. ನೀರು ಕುಡಿದವರು ಲೋಟ ಕೆಳಗಿಟ್ಟಂತೆ, ಮೆಲ್ಲಗೆ, ಒಂದೇ ಸಲ. ಅಂಕಲ್ ಬಾಗಿಲಿಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತರು. ಅಮ್ಮ ಅವರ ಬೆನ್ನ ಮೇಲೆ ಕೈ ಇಟ್ಟು ನಿಂತಳು.

ಅಪ್ಪ ಕೆಮ್ಮಿ, ಬಾಗಿಲು ತಟ್ಟಿ ತೆರೆದಾಗ ದೀಪ ಉರಿಯುತ್ತಲೇ ಇತ್ತು. ಕಿಟಕಿಯ ಬಳಿಯ ಎಲೆಯಲ್ಲಿ ಉಪ್ಪಿನ ಗುಡ್ಡೆ ತೇವಗೊಂಡಿತ್ತು. ಅದರ ನೆತ್ತಿಯಲ್ಲಿ ಬೆರಳ ತುದಿಯಿಂದ ಒತ್ತಿದಂಥ ಸಣ್ಣ ಕುಳಿ. ಎಸಿ ಇಲ್ಲದೆ ಸೆಕೆಗೆ ಉಪ್ಪು ನೀರೊಡೆದಿದೆ, ಕುಸಿದಿದೆ ಎಂದು ಅಪ್ಪ ಹೇಳಿದರು. ಇರಬಹುದು. ಆದರೂ ಆ ಎಲೆಯನ್ನು ಎತ್ತಲು ಅಪ್ಪ ಮುಂದೆ ಬರಲಿಲ್ಲ, ಅಮ್ಮನೇ ಎತ್ತಿದಳು.

ಹೊರಡುವ ದಿನ ಅಂಕಲ್ ಅಮ್ಮನಿಗೆ ತಮ್ಮ ಊರಿನ ರೀತಿಯಲ್ಲೇ ಬಾಗಿ ನಮಸ್ಕರಿಸಿದರು. ಏನೂ ಕೇಳಲಿಲ್ಲ. ಕೇಳಲು ಅವರಿಗೆ ಸಂಕೋಚವಾಗಿರಬೇಕು. ಅಮ್ಮನೇ ತನ್ನ ಅರೆಬರೆ ಇಂಗ್ಲಿಷಿನಲ್ಲಿ, “ಎವ್ರಿ ಇಯರ್. ಐ ಕಾಲ್” ಎಂದಳು. ಚಳಿಗಾಲ ಬರುವಷ್ಟರಲ್ಲಿ ಅವರು ಹೋದ ಸುದ್ದಿ ಅಪ್ಪನ ಆಫೀಸಿಗೆ ಬಂತು. ಮುಂದಿನ ಆಟಿಯಲ್ಲಿ ಅಮ್ಮ ಶಿಯೋಬಾತ ಎಂದು ಕರೆದ ಮೇಲೆ, ಅಂಕಲ್‌ನ ಸ್ವಂತ ಹೆಸರನ್ನೂ ಸೇರಿಸಿ ಇನ್ನೊಮ್ಮೆ ಕರೆದಳು. ಅವಳು ಬದುಕಿರುವವರೆಗೆ ತಪ್ಪಿಸಲಿಲ್ಲ. ಅವಳ ನಂತರ ಅಕ್ಕ, ಈಗ ನಾನು. ನನಗೆ ತಿಳಿದಮಟ್ಟಿಗೆ ಆ ಹೆಸರನ್ನು ಬಾಗಿಲಲ್ಲಿ ನಿಂತು ಕರೆಯುವುದು ಪ್ರಪಂಚದಲ್ಲಿ ನಮ್ಮ ಮನೆಯಲ್ಲೊಂದೇ.

ಈಗ ನೀವಿರುವುದು ಅದೇ ಲುಸೈಲ್‌ನಲ್ಲಿ. ಅಪ್ಪನೂ ಅಂಕಲ್ಲೂ ಮಟ್ಟ ಮಾಡಿದ ಉಪ್ಪುಮಣ್ಣಿನ ಮೇಲೆ ನಿಮ್ಮ ಮೂವತ್ತನೇ ಮಹಡಿಯ ಮನೆ ನಿಂತಿದೆ. ನಿಮ್ಮ ಸ್ಕೂಲಿನಲ್ಲಿ ನಮ್ಮ ಮನೆತನದ ಹೆಸರಿನವರು ನೀವಿಬ್ಬರೇ. ನಿಮ್ಮ ಕಾರಿಡಾರಿನಲ್ಲಿ ಮಿಣುಕುವ ದೀಪವಿಲ್ಲ, ಸೆಕೆಯೂ ಇಲ್ಲ. ಬಾಗಿಲಿಗೆ ಹಿಡಿಯೇ ಇಲ್ಲ. ಅದು ಮುಖ ನೋಡಿ ಗುರುತು ಹಿಡಿಯುತ್ತದೆ, ಹೆಸರು ಹೇಳಿ ಸ್ವಾಗತಿಸುತ್ತದೆ, ಪರಿಚಯವಿಲ್ಲದವರನ್ನು ಯಾರೆಂದು ಕೇಳುತ್ತದೆ. ಹಾಗಾಗಿ ಅಕ್ಕ ನನ್ನನ್ನು ಹೆದರಿಸಿದಂತೆ ನಿಮ್ಮನ್ನು ಹೆದರಿಸುವುದು ಕಷ್ಟ.

ಆದರೆ ಕಳೆದ ಆಟಿಯ ಶುಕ್ರವಾರವನ್ನು ನೀವು ಮರೆತಿಲ್ಲ ಅಲ್ಲವೇ? ಎಲೆ ಹಾಕಿ, ಕರೆಯಲೆಂದು ನಾವೆಲ್ಲ ಹೊರಗೆ ಬಂದು ನಿಂತಿದ್ದೆವು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಂಡಿತ್ತು. ನಾನು ಕರೆದು ಮುಗಿಸಿದ ಮೇಲೆ ಅದು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿತು. ನನ್ನ ಹೆಸರು ಹೇಳಿತು, ನಿಮ್ಮ ಅಪ್ಪ ಅಮ್ಮನ ಹೆಸರು ಹೇಳಿತು, ನಿಮ್ಮಿಬ್ಬರ ಹೆಸರು ಹೇಳಿತು. ಆಮೇಲೆ ಸ್ವಲ್ಪ ತಡೆದು, “ಜೊತೆಯಲ್ಲಿ ಬಂದವರು ಯಾರು?” ಎಂದು ಕೇಳಿತು.

ದೊಡ್ಡವನೇ, ಕ್ಯಾಮೆರಾ ಕೆಟ್ಟಿದೆ ಎಂದು ನೀನು ನಕ್ಕೆ. ನಿಮ್ಮ ಅಪ್ಪ ಹಿಂದೆ ತಿರುಗಿ ನೋಡಿದ, ಅಲ್ಲಿ ಯಾರೂ ಇರಲಿಲ್ಲ. ನಿನ್ನ ತಂಗಿ ಪುಟ್ಟಿ ಮಾತ್ರ ನನ್ನ ಕೈ ಬಿಟ್ಟು ಮುಂದೆ ಹೋಗಿ, ಬಾಗಿಲಿಗೆ ಮುಖ ಎತ್ತಿ, ತನ್ನ ಮುದ್ದು ಕನ್ನಡದಲ್ಲಿ, “ಶಿಯೋಬಾತ. ನಮ್ಮವರೇ” ಎಂದಳು.

ಬಾಗಿಲು ತೆರೆಯಿತು. ನಾವೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು.