ಉಪ್ಪಿನ ಡಬ್ಬಿಯಡಿಯ ತಲೆಬರಹ

ಪತ್ರಿಕೆಗೆ ತಲೆಬರಹ ಬರೆದೇ ತಲೆ ನರೆಸಿಕೊಂಡ ನಿವೃತ್ತ ಉಪಸಂಪಾದಕರಿಗೆ ಕಪಾಟಿನಿಂದ ಡಬ್ಬಿ ಎತ್ತಿಕೊಡುವ ಕೆಲಸ ಹೇಳಿದರೆ ಅಂದಿನ ಅಡುಗೆ ಆದಂತೆಯೇ. ಡಬ್ಬಿಯಡಿ ಹಾಸಿದ ಹಳೇ ಹಾಳೆಯಿಂದ ಅವರದೇ ತಲೆಬರಹ ಇಣುಕುತ್ತದೆ. 'ನಾಳೆ ಕುಂಭದ್ರೋಣ ಮಳೆ!' "ನೋಡೇ, ಇದನ್ನ ನಂಬಿ ಊರಿಗೆ ಊರೇ ಕೊಡೆ ಹಿಡ್ಕೊಂಡು ಹೊರಟಿತು, ಮೋಡಾನೇ ಹೆದರಿ ಓಡಿಹೋಯ್ತು!" 'ಹಳೇ ಸೇತುವೆ ಕುಸಿತ ಇಂದೋ ನಾಳೆಯೋ!' "ನನ್ನ ಮರ್ಯಾದೆ ತೆಗೆಯೋಕೇ ಅಂತ ಅದು ಇನ್ನೂ ನಿಂತಿದೆ." ಹೀಗೆ ತಮ್ಮನ್ನು ತಾವೇ ಆಡಿಕೊಂಡು ನಗುವವರು ಉಪ್ಪಿನ ಡಬ್ಬಿ ಎತ್ತಿದಾಗ ಮಾತ್ರ ತೆಪ್ಪಗಾಗುತ್ತಾರೆ. ಅಲ್ಲಿರುವುದು 'ನಗರದಲ್ಲಿ ವಿಶೇಷವೇನಿಲ್ಲ'. ಉಳಿದ ಹಾಳೆಗಳನ್ನೆಲ್ಲ ಆಗಾಗ ಬದಲಾಯಿಸುವ ಹೆಂಡತಿ ಅದೊಂದನ್ನು ಮುಟ್ಟುವುದಿಲ್ಲ. "ಯಾಕೆ ಸುಮ್ಮನಾದ್ರಿ? ಜೋರಾಗಿ ಓದಿ," ಎನ್ನುತ್ತಾರೆ. "ನೀವು ಪ್ರೆಸ್ಸಲ್ಲಿ ಕೂತು ಇದನ್ನ ಬರೀತಿದ್ದಾಗಲೇ ಆಸ್ಪತ್ರೇಲಿ ನಮ್ಮ ಮಗಳು ಹುಟ್ಟಿದ್ದು."