ಕೆಸರಿಗೆಂದು ಸುತ್ತಿದ ಮೋಟರ್

ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಫಕೀರಸಾಬರು ಮೋಟರ್ ವೈಂಡಿಂಗ್ ಮಾಡುತ್ತಿದ್ದರು. ಸುಟ್ಟುಹೋದ ಪಂಪಿನ ಮೋಟರು ಬಿಚ್ಚಿ, ಹಳೆಯ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತಿ, ವಾರ್ನಿಷ್ ಸುರಿದು ಒಣಗಿಸುವ ಕೆಲಸ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿ ಬೆನ್ನು ಬಾಗಿತ್ತು. ವಾರ್ನಿಷ್ ವಾಸನೆಗೆ ಕೆಮ್ಮು ಕಾಯಮಾಗಿತ್ತು. 2004ರಲ್ಲಿ ಅವರಿಗೆ ಐವತ್ತಾರು. ಕಣ್ಣು ಮಂದವಾಗಿ, ಸಣ್ಣ ತಂತಿಯ ಸುತ್ತುಗಳನ್ನು ಬೆರಳಿನಿಂದ ಮುಟ್ಟಿಯೇ ಎಣಿಸುತ್ತಿದ್ದರು. “ಇನ್ನ ಸಾಕು ಮಾಡ್ರಿ” ಎಂದು ಹೆಂಡತಿ ಅಮೀನಾಬಿ ದಿನಾ ಅನ್ನುತ್ತಿದ್ದಳು. “ಈ ಹಂಗಾಮ ಮುಗೀಲಿ” ಎಂದು ಅವರು ದಿನಾ ಅನ್ನುತ್ತಿದ್ದರು.

ಆ ಮೇ ತಿಂಗಳಲ್ಲಿ ಕಾಲುವೆ ಕಚೇರಿಯ ಧೀರೇಂದ್ರ ಎಂಬ ಇಂಜಿನಿಯರು ರಟ್ಟಿನ ಡಬ್ಬಿಯೊಂದನ್ನು ಹಿಡಿದು ಅಂಗಡಿಗೆ ಬಂದರು. ಒಳಗೆ ಮೊಳದುದ್ದದ ಲಾರಿ, ರಿಮೋಟಿನಿಂದ ಓಡುವಂಥದು. ಪುಣೆಯ ಭಾವಮೈದುನ ಹವ್ಯಾಸಕ್ಕೆ ಇಟ್ಟುಕೊಂಡಿದ್ದನ್ನು ಕೇಳಿ ತಂದಿದ್ದರು.

“ಸಾಬರ, ನಗಬ್ಯಾಡ್ರಿ,” ಎಂದರು. “ಇದನ್ನ ಕೆಸರಾಗ ಓಡಸಬೇಕಾಗ್ಯದ.”

ಫಕೀರಸಾಬರಿಗೆ ನಗುವಷ್ಟು ತ್ರಾಣವೂ ಇರಲಿಲ್ಲ. ಸ್ಟೂಲು ಸರಿಸಿ ಕೂಡಲು ಹೇಳಿದರು.

ಊರಿಂದ ಮೂರು ಹರದಾರಿ ಆಚೆ, ಕಾಲುವೆಯ ಅಡಿಯಲ್ಲಿ ಹಳ್ಳದ ನೀರು ಹಾಯಲೆಂದು ಸಿಮೆಂಟಿನ ಕೊಳವೆ ಹಾಕಿದ್ದರು. ಎಂಬತ್ತು ಅಡಿ ಉದ್ದ, ಮನುಷ್ಯ ತೆವಳಿಕೊಂಡು ಹೋಗುವಷ್ಟು ಅಗಲ. ಅದರಲ್ಲಿ ಅರ್ಧಕ್ಕೆ ಎರೆಮಣ್ಣಿನ ಕೆಸರು ತುಂಬಿತ್ತು. ಮಳೆಗೆ ಮುಂಚೆ ತೆಗೆಯದಿದ್ದರೆ ಹಳ್ಳ ಹಿಂದಕ್ಕೆ ನಿಂತು ಅಲ್ಲಿನ ಹಳ್ಳಿಯ ಮೇಲಿನ ಓಣಿಗೆ ನುಗ್ಗುತ್ತದೆ. ಹಿಂದಿನ ವರ್ಷ ಗುತ್ತಿಗೆದಾರನೊಬ್ಬ ಯಮನಪ್ಪ ಎಂಬ ಕೂಲಿಯವನನ್ನು ಒಳಗೆ ಇಳಿಸಿದ್ದ. ಕೆಟ್ಟ ಗಾಳಿಗೆ ಅವನು ಅಲ್ಲೇ ತೀರಿಕೊಂಡಿದ್ದ.

“ಇನ್ನೊಬ್ಬರನ್ನ ಒಳಗ ಕಳಸೂ ಮನಸ್ಸು ನನಗಿಲ್ಲ,” ಎಂದರು ಧೀರೇಂದ್ರ. “ಬಿದಿರು ನೂಕಿ ನೋಡಿದ್ವಿ, ಅರ್ಧಕ್ಕ ಕೆಸರಾಗ ಚುಚ್ಚಿ ನಿಲ್ತದ. ಒಂದು ದಾರ ಆ ಕಡಿ ಮುಟ್ಟಿದ್ರ ಸಾಕು. ದಾರಕ್ಕ ಹಗ್ಗ, ಹಗ್ಗಕ್ಕ ಕಬ್ಬಿಣದ ಬುಟ್ಟಿ ಕಟ್ಟಿ ಟ್ರ್ಯಾಕ್ಟರಿಲೆ ಎಳಸ್ತೀನಿ.”

ಅಂಗಡಿಯ ಹಿತ್ತಲಿನಲ್ಲಿ ಗುಂಡಿ ತೋಡಿ, ಎರೆಮಣ್ಣು ಕಲಸಿ, ಲಾರಿಯನ್ನು ಬಿಟ್ಟು ನೋಡಿದರು. ನಾಲ್ಕೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಬಿಚ್ಚಿದರೆ ಒಳಗಿನ ತಂತಿ ಕರಕಲಾಗಿತ್ತು. ಧೀರೇಂದ್ರ ಬಿಜಾಪುರದಿಂದ ಇನ್ನೊಂದು ಮೋಟರ್ ತರಿಸಿದರು, ಮೊದಲಿನದಕ್ಕಿಂತ ಜೋರಾಗಿ ತಿರುಗುವಂಥದು. ಅದು ಎರಡು ನಿಮಿಷವೂ ತಡೆಯಲಿಲ್ಲ.

“ಸಾಹೇಬ್ರ, ಜೋರ್ ಓಡೂದು ಬ್ಯಾರೆ, ಜೋರ್ ಎಳಿಯೂದು ಬ್ಯಾರೆ,” ಎಂದರು ಫಕೀರಸಾಬರು. “ಇದರಾಗ ದಪ್ಪ ತಂತಿ, ಕಡಿಮಿ ಸುತ್ತು. ಗಾಲಿ ಕೆಸರಾಗ ಹೂತ ಕೂಡ್ಲೆ ಕರೆಂಟ್ ಎಳಕೊಂಡು ತನ್ನನ್ನ ತಾನs ಸುಟಗೋತೈತಿ. ಸಣ್ಣ ತಂತಿ ಹಾಕಿ ಸುತ್ತು ಹೆಚ್ಚ ಮಾಡ್ತೇನಿ. ಸಾವಕಾಶ ಹೋಗತೈತಿ, ಆದ್ರ ಹೋಗತೈತಿ.”

ಹೆಬ್ಬೆರಳಿನಷ್ಟು ದಪ್ಪದ ಮೋಟರಿಗೆ ಕೂದಲೆಳೆಯಂಥ ತಂತಿ ಸುತ್ತುವುದು ಅವರ ಕಣ್ಣಿಗೆ ಮೀರಿದ ಕೆಲಸ. ಎರಡು ಸಲ ತಂತಿ ಹರಿಯಿತು, ಎರಡು ಸಲ ಮೊದಲಿನಿಂದ ಸುತ್ತಿದರು. ಲೇತ್ ಇಟ್ಟಿದ್ದ ಜೈನುದ್ದೀನ ಮೋಟರಿನ ತುದಿಗೆ ಹಲ್ಲು ಕಡಿಮೆ ಇರುವ ಪುಟ್ಟ ಗಿಯರ್ ಕಡೆದುಕೊಟ್ಟ. ಮೋಟರ್ ಹಲವು ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಅಷ್ಟು ಭಾರ ಹಗುರ.

ಗುಂಡಿಯಲ್ಲಿ ಲಾರಿ ಈ ಸಲ ಎಮ್ಮೆಯಂತೆ ನಿಧಾನವಾಗಿ ನಡೆಯಿತು. ಆದರೆ ಒಳಗೆ ಕೆಸರು ಹೊಕ್ಕು, ತಂತಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಸವೆದುಹೋಯಿತು. ಫಕೀರಸಾಬರು ಅದನ್ನು ತೊಳೆದು, ಹೊಸ ಕಾರ್ಬನ್ ಕೂರಿಸಿ, ಇಡೀ ಮೋಟರಿಗೆ ಸೈಕಲ್ ಟ್ಯೂಬ್ ಸುತ್ತಿ ಸಲ್ಯೂಷನ್ ಹಚ್ಚಿದರು. ಕೆಸರೇನೋ ನಿಂತಿತು, ಕಾವು ಹೊರಗೆ ಹೋಗಲಿಲ್ಲ. ಹತ್ತು ನಿಮಿಷಕ್ಕೆ ವಾರ್ನಿಷ್ ಕರಗಿ, ಅವರು ಐದು ದಿನ ಕೂತು ಸುತ್ತಿದ ತಂತಿ ಹಾಳಾಯಿತು.

ಅಂದು ಮಧ್ಯಾಹ್ನ ಅವರು ಲಾರಿಯನ್ನು ಡಬ್ಬಿಯಲ್ಲಿಟ್ಟು ದಾರ ಕಟ್ಟಿದರು. ವಾಪಸ್ ಕೊಟ್ಟುಬಿಡುವುದೆಂದು ತೀರ್ಮಾನ ಮಾಡಿದ್ದರು. ಆಗ ಹೆಂಗಸೊಬ್ಬಳು ಬಂದು ಹೊಸ್ತಿಲ ಹತ್ತಿರ ಕೂತಳು. ಯಮನಪ್ಪನ ಹೆಂಡತಿ ಹೊನ್ನವ್ವ.

“ಅಣ್ಣಾ, ಆ ಗಾಡಿ ಒಳಗ ಹೋಗತೈತೇನು?”

“ಇನ್ನೂ ಇಲ್ಲವ್ವಾ.”

“ನಮ್ಮ ಮೈದುನ ತಾನs ಇಳೀತೇನಿ ಅನ್ನಾಕತ್ತಾನ. ಹ್ವಾದ ವರ್ಷ ನಮ್ಮನ್ಯಾಗ ಮೊಣಕಾಲ ಮಟ ನೀರು. ಮಿರಗದ ಮಳಿ ಕೂಡೂದ್ರಾಗ ಕೊಳವಿ ಸ್ವಚ್ಛ ಆಗಬೇಕು, ಇಲ್ಲಂದ್ರ ನಾ ಇಳಿಯಾಂವನs ಅಂತಾನ. ಹೇಳಿದ್ರ ಕೇಳವಲ್ಲ.”

ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕೊಟ್ಟ ನೀರು ಕುಡಿದು ಹೋದಳು. ಫಕೀರಸಾಬರು ಡಬ್ಬಿಯ ದಾರ ಬಿಚ್ಚಿದರು.

ಮತ್ತೆ ಮೊದಲಿನಿಂದ ಸುತ್ತುವಾಗ ಅವರ ಬೆರಳುಗಳು ಊದಿದ್ದವು. ಈ ಬಾರಿ ಮೋಟರನ್ನು ಪೂರ್ತಿ ಮುಚ್ಚಲಿಲ್ಲ. ಗಿಯರಿನ ಕಡೆ ಮಾತ್ರ, ಗ್ರೀಸಿನಲ್ಲಿ ನೆನೆಸಿದ ಕಂಬಳಿ ಚೂರನ್ನು ಬಿಲ್ಲೆಯಾಗಿ ಕತ್ತರಿಸಿ ಕೂರಿಸಿದರು. ಮೋಟರಿನ ಮೈಗೆ ತಾಮ್ರದ ತಗಡು ಸುತ್ತಿ, ಅದರ ತುದಿಯನ್ನು ಕೆಸರಿಗೆ ಸಿಗದಷ್ಟು ಮೇಲಕ್ಕೆ ನಿಲ್ಲಿಸಿದರು. ಕಾವು ಅಲ್ಲಿಂದ ಹೊರಗೆ ಹೋಗಲಿ ಎಂದು. ಗಾಳಿಯ ತೂತುಗಳಿಗೆ ಸಲೈನ್ ನಳಿಗೆ ಜೋಡಿಸಿ ಅದನ್ನೂ ಎತ್ತರಕ್ಕೆ ಕಟ್ಟಿದರು. ಬ್ಯಾಟರಿಯ ದಾರಿಯಲ್ಲಿ ಒಂದೆಳೆ ಫ್ಯೂಸ್ ತಂತಿ ಇಟ್ಟರು. ಗಾಲಿ ಸಿಕ್ಕಿಕೊಂಡರೆ ಅದು ಸುಡಲಿ, ಮೋಟರ್ ಉಳಿಯಲಿ. ಎರಡು ನಿಮಿಷ ನಡೆಸಿ ಐದು ನಿಮಿಷ ನಿಲ್ಲಿಸುವುದು ಎಂದು ನಿಯಮವನ್ನೂ ಮಾಡಿಕೊಂಡರು.

ಜೂನ್ ಮೊದಲ ವಾರ ಕೊಳವೆಯ ಹತ್ತಿರ ಹೋದರು. ಲಾರಿಯ ಮುಂದೆ ಚಿಕ್ಕ ಬ್ಯಾಟರಿ ದೀಪ, ಹಿಂದೆ ನೈಲಾನ್ ದಾರ. ಮೇಲಿನ ಬಾಯಿಯಲ್ಲಿ ಹೊನ್ನವ್ವ ದಾರ ಬಿಡುತ್ತ ಕೂತಳು. ಕೆಳಗಿನ ಬಾಯಿಯಲ್ಲಿ ರಿಮೋಟ್ ಹಿಡಿದು ಫಕೀರಸಾಬರು ಮೊಣಕಾಲೂರಿದರು. ಕತ್ತಲಲ್ಲಿ ದೂರದ ದೀಪ ಇಷ್ಟಿಷ್ಟೇ ಹತ್ತಿರವಾಗುತ್ತಿತ್ತು. ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಅಲುಗಲಿಲ್ಲ.

“ಫ್ಯೂಸ್ ಹೋಗಿರಬೇಕು,” ಎಂದು ಫಕೀರಸಾಬರು ಕೂಗಿದರು. “ಹಿಂದಕ್ಕ ಎಳೀರಿ.”

ದಾರ ಹಿಡಿದು ಮೇಲಿನ ಬಾಯಿಗೆ ಎಳೆದುಕೊಂಡರು. ಮುಂದಿನ ಗಾಲಿಗೆ ಬಟ್ಟೆ ಸುತ್ತಿಕೊಂಡಿತ್ತು. ಫಕೀರಸಾಬರು ಬಂದು ಅದನ್ನು ಬಿಡಿಸಿ ಕೆಸರು ಹಿಂಡಿದರು. ಚೌಕಡಿಯ ಟವೆಲ್. ಹೊನ್ನವ್ವ ಕೈ ಚಾಚಿದಳು.

“ನಮ್ಮವರದು,” ಎಂದಳು.

ಅವಳು ಹಳ್ಳದ ಗುಂಡಿಯಲ್ಲಿ ಅದನ್ನು ಜಾಲಿಸಿ, ಮಡಿಚಿ, ಮಡಿಲಿಗೆ ಸಿಕ್ಕಿಸಿಕೊಂಡು ಮತ್ತೆ ದಾರದ ಹತ್ತಿರ ಬಂದು ಕೂತಳು. ಫಕೀರಸಾಬರು ಮೋಟರ್ ಮುಟ್ಟಿ ನೋಡಿದರು. ಬೆಚ್ಚಗಿತ್ತು, ಅಷ್ಟೇ. ಹೊಸ ಫ್ಯೂಸ್ ಹಾಕಿದರು.

ಎರಡನೇ ಸಲ ಒಂದು ತಾಸಿನ ಮೇಲಾಯಿತು. ನಡೆಸುವುದು, ನಿಲ್ಲಿಸುವುದು, ಕಾಯುವುದು. ಕೊನೆಗೆ ಲಾರಿ ಕೆಸರಿನ ಮುದ್ದೆಯಾಗಿ ಅವರ ಕೈಗೆ ಬಂದಾಗ ಧೀರೇಂದ್ರ “ಬಂತು” ಎಂದಷ್ಟೇ ಅಂದು ಟ್ರ್ಯಾಕ್ಟರಿನ ಕಡೆ ನಡೆದರು. ಫಕೀರಸಾಬರಿಗೆ ಎದ್ದು ನಿಲ್ಲಲು ಆಗಲಿಲ್ಲ. ಹೊನ್ನವ್ವನ ಮೈದುನನೇ ತೋಳು ಹಿಡಿದು ಎಬ್ಬಿಸಿದ.

ಮೂರು ದಿನ ಕಬ್ಬಿಣದ ಬುಟ್ಟಿ ಆ ಕಡೆ ಈ ಕಡೆ ಎಳೆದು ಕೆಸರು ತೆಗೆದರು. ಮುಂದಿನ ವಾರ ಮಳೆ ಹಿಡಿಯಿತು. ಹಳ್ಳ ಕೊಳವೆಯಲ್ಲೇ ಹಾದುಹೋಯಿತು, ಓಣಿಗೆ ನೀರು ಬರಲಿಲ್ಲ.

ಆಮೇಲೆ ಇಂಡಿ, ಬಾಗೇವಾಡಿ ಕಡೆಯ ಕಾಲುವೆಗಳಿಂದಲೂ ಪ್ರತಿ ಬೇಸಿಗೆ ಕರೆ ಬರತೊಡಗಿತು. ಫಕೀರಸಾಬರಿಗೆ ಅಷ್ಟು ದೂರ ಬಸ್ಸಿನಲ್ಲಿ ಹೋಗುವ ಶಕ್ತಿ ಇರಲಿಲ್ಲ. ಹೊನ್ನವ್ವನಿಗೆ ರಿಮೋಟ್ ಹಿಡಿಯುವುದನ್ನು, ಫ್ಯೂಸ್ ಬದಲಿಸುವುದನ್ನು, ಮುಂಗೈಯಿಂದ ಮುಟ್ಟಿ ಕಾವು ನೋಡುವುದನ್ನು ಕಲಿಸಿದರು. ಲಾರಿಯನ್ನು ಚೀಲದಲ್ಲಿ ಹಾಕಿಕೊಂಡು ಅವಳೇ ಹೋಗಿಬರುತ್ತಿದ್ದಳು. ಎಷ್ಟು ಕಾಪಾಡಿದರೂ ವರ್ಷಕ್ಕೊಂದು ಮೋಟರ್ ಸುಟ್ಟು ಬರುತ್ತಿತ್ತು, ಅವರು ಸುತ್ತಿಕೊಡುತ್ತಿದ್ದರು.

2008ರಲ್ಲಿ ಬೆರಳಿಗೂ ತಂತಿ ತಿಳಿಯದಂತಾಯಿತು. ಆ ವರ್ಷದ ಮೋಟರನ್ನು ಜೈನುದ್ದೀನನ ಕೈಗೆ ಕೊಟ್ಟು, ತಾವು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ, ತಂತಿಯ ಸದ್ದು ಕೇಳಿಯೇ ಸುತ್ತು ಎಣಿಸಿದರು. ಐವತ್ತೈದಕ್ಕೆ “ಸಾಕು” ಎಂದು, ಅಲ್ಲೇ ಚಾಪೆಯ ಮೇಲೆ ಅಡ್ಡಾದರು. ಹೊನ್ನವ್ವ ಮೋಟರು ತಗೊಂಡು ಇಂಡಿ ಬಸ್ಸಿಗೆ ಹೊರಟಾಗ ಅವರಿಗೆ ನಿದ್ದೆ ಹತ್ತಿತ್ತು, ಅವಳು ಎಬ್ಬಿಸಲಿಲ್ಲ.